ಕಾರಿಗೆ ಹೊಸ ಸ್ಪೀಕರ್ ಹಾಕಿಸುವವರಿಗೆ

ನಮ್ಮ ಕಳವಾದ ಕನ್ನಡ ಬಂಧುಗಳಲ್ಲಿ ಟ್ಯಾಕ್ಸಿ ನಡೆಸುವವರೂ, ಕಂತಿನ ಮೇಲೆ ಹಳೆಯ ಕಾರು ಕೊಂಡವರೂ ಈಗ ಕೆಲವರಿದ್ದಾರೆ. ಠಾಣೆ-ಬೇಲಾಪುರ ರಸ್ತೆಯ ಗದ್ದಲದಲ್ಲಾಗಲಿ, ಹಬ್ಬಕ್ಕೆ ಕೊಲ್ಹಾಪುರ, ನಿಪ್ಪಾಣಿಗಳ ಮಾರ್ಗವಾಗಿ ಊರಿಗೆ ಹೋಗುವಾಗಲಾಗಲಿ, ಗಾಡಿಯೊಡನೆ ಬಂದ ಸ್ಪೀಕರಿನಲ್ಲಿ ಹಾಡಿನ ಸದ್ದು ಬರುತ್ತದೆ, ಪದ ತಿಳಿಯುವುದಿಲ್ಲ ಎಂಬುದು ಇವರ ದೂರು. ನಿಧಾನದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ, ಪೆಟ್ಟಿಗೆಗಳ ಮೇಲೆ 300 ವ್ಯಾಟ್, 400 ವ್ಯಾಟ್ ಎಂಬ ದಪ್ಪ ಅಕ್ಷರಗಳು ಕಣ್ಣಿಗೆ ಹೊಡೆಯುತ್ತವೆ. ಸಂಬಳದಲ್ಲಿ ಉಳಿಸಿದ ಹಣವನ್ನು ಆ ಅಂಕಿ ನೋಡಿ ಕೊಡುವ ಮೊದಲು, ಅದು ಎಲ್ಲಿಂದ ಬಂತೆಂದು ವಾಚಕರು ತಿಳಿದಿರುವುದು ಒಳ್ಳೆಯದು.

ಸ್ಪೀಕರಿನೊಳಗೆ ಇರುವುದು ಬಹಳವೇನಲ್ಲ. ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ತೆಳುವಾದ ತಂತಿಯ ಸುರುಳಿ, ಸುರುಳಿಗೆ ಅಂಟಿದ ಒಂದು ಶಂಕು. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ಅಮೇರಿಕೆಯ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ರಚನೆಯೇ ಮೂಲತಃ ಇಂದಿಗೂ ನಡೆದು ಬಂದಿದೆ. ಆದ್ದರಿಂದ ಸ್ಪೀಕರು ತಾನಾಗಿ ಒಂದು ವ್ಯಾಟನ್ನೂ ಹುಟ್ಟಿಸಲಾರದು. ಸ್ಟೀರಿಯೋ ಕೊಟ್ಟಷ್ಟನ್ನು ಉಣ್ಣುತ್ತದೆ, ಅಷ್ಟೇ. ಪೆಟ್ಟಿಗೆಯ ಅಂಕಿಯೆಂದರೆ ಅದು ಕ್ಷಣಮಾತ್ರ ತಾಳಬಲ್ಲ ಹೊರೆ.

ಸ್ಟೀರಿಯೋ ಕೊಡುವುದಾದರೂ ಎಷ್ಟು? ಅದರ ಮೇಲೂ ಪ್ರತಿ ಸ್ಪೀಕರಿಗೆ 50 ವ್ಯಾಟ್ ಎಂದು ಬರೆದಿರುವುದುಂಟು. ನಾವು ಗುಮಾಸ್ತರು, ತಾಳೆ ನೋಡದೆ ಬಿಡಬಾರದು. ಇಂಜಿನ್ ನಡೆಯುವಾಗ ಬ್ಯಾಟರಿಯಲ್ಲಿ ಸುಮಾರು 14.4 ವೋಲ್ಟ್. ಅದನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ 4 ಓಮಿನಿಂದ ಭಾಗಿಸಿದರೆ 52ರ ಸಮೀಪ ಬರುತ್ತದೆ. ಆ 50 ಹುಟ್ಟಿದ್ದು ಇಲ್ಲಿ! ಆದರೆ ಇದು ಧ್ವನಿಯ ಅಲೆಯ ನೆತ್ತಿ ಕತ್ತರಿಸಿ ಚೌಕ ಮಾಡಿದಾಗಿನ ಲೆಕ್ಕ. ಕಿವಿಗೆ ಬರಿಯ ಕರ್ಕಶ. ಅಲೆ ಕೆಡದಂತೆ ದೊರೆಯುವುದು ಹೆಚ್ಚೆಂದರೆ ಇದರ ಅರ್ಧ. ವಾಸ್ತವದಲ್ಲಿ 15ರಿಂದ 20 ವ್ಯಾಟ್.

ಹೀಗಿರಲು ನೋಡತಕ್ಕದ್ದು ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಸೆನ್ಸಿಟಿವಿಟಿಯನ್ನು. ಎಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದು. 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವ್ಯಾಟಿನಲ್ಲಿ ಅಷ್ಟೇ ಸದ್ದು ಬರುತ್ತದೆ. 92ರ ಸ್ಪೀಕರು 15 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ 89ರದ್ದು 30 ಕೇಳುತ್ತದೆ. ಆ 30 ನಿಮ್ಮ ಸ್ಟೀರಿಯೋದಲ್ಲಿ ಇಲ್ಲ. ಕೆಲವು ಕಂಪನಿಗಳು 1 ವ್ಯಾಟಿನ ಬದಲು 2.83 ವೋಲ್ಟ್ ಎಂದು ನಮೂದಿಸುತ್ತವೆ. 4 ಓಮಿಗೆ ಅದು 2 ವ್ಯಾಟ್ ಆಗುವುದರಿಂದ, ಅಂಥ ಅಂಕಿಯಿಂದ 3 ಕಳೆದು ಓದಬೇಕು. ಓಮು ಹಳೆಯದರಷ್ಟೇ ಇರಲಿ. 4ರ ಜಾಗದಲ್ಲಿ 2 ಹಾಕಿದರೆ ಪ್ರವಾಹ ಇಮ್ಮಡಿಯಾಗಿ ಸ್ಟೀರಿಯೋ ಕಾದು ಕೆಡಬಹುದು.

ಮುಂದಿನ ಬಾಗಿಲುಗಳ ಜೋಡಿಯನ್ನು ಮಾತ್ರ ಬದಲಿಸಿದರೆ ಸಾಕೆಂದು ನನ್ನ ಅಭಿಪ್ರಾಯ. ಡಿಕ್ಕಿಯಲ್ಲಿಡುವ ದೊಡ್ಡ ಡಬ್ಬಿ ಟ್ಯಾಕ್ಸಿಯವರಿಗೆ ಬೇಡವೇ ಬೇಡ. ಪ್ರಯಾಣಿಕರ ಗಂಟುಮೂಟೆಗೆ ಜಾಗವೆಲ್ಲಿ? ಬೇರೆ ಆಂಪ್ಲಿಫಯರ್ ಹಾಕಿಸುವವರು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇಲ್ಲದೆ ತಂತಿ ಎಳೆಯಲು ಬಿಡಬಾರದು. ತಂತಿ ತಗಡಿಗೆ ಉಜ್ಜಿ ಸುಲಿದರೆ ಗಾಡಿಗೆ ಬೆಂಕಿ ಹತ್ತುತ್ತದೆ.

ಇನ್ನು ಜೋಡಣೆ. ಒಳ್ಳೆಯ ಸ್ಪೀಕರು ಕೆಟ್ಟದಾಗಿ ಕೇಳಿಸುವುದು ಸಾಮಾನ್ಯವಾಗಿ ಇಲ್ಲಿಯೇ. ಶಂಕು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಬಾಗಿಲಲ್ಲಿ ಸಂದು ಉಳಿದರೆ ಇವೆರಡೂ ಕೂಡಿ, ಜಮೆ-ಖರ್ಚು ಸಮವಾದಂತೆ, ತಬಲದ ದಪ್ಪ ನಾದ ಸೊನ್ನೆಯಾಗುತ್ತದೆ. ಆದಕಾರಣ ಸ್ಪೀಕರಿಗೂ ತಗಡಿಗೂ ನಡುವೆ ಫೋಮಿನ ಬಳೆ ಕೂಡಿಸಿ, ಸುತ್ತ ಸಂದಿಲ್ಲದಂತೆ ಬಿಗಿಸಬೇಕು. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಆತುರದ ಮಿಸ್ತ್ರಿ ಹರಿದು ಎಸೆಯುವುದುಂಟು; ಅದನ್ನು ಮರಳಿ ಅಂಟಿಸಲು ಹೇಳಿ. ಮಳೆಗಾಲದಲ್ಲಿ ಗಾಜಿನ ಅಂಚಿನಿಂದ ಬಾಗಿಲೊಳಗೆ ನೀರು ಇಳಿಯುತ್ತಲೇ ಇರುತ್ತದೆ. ಅದು ಒಳಗೆ ಬಾರದಂತೆ ತಡೆಯುವುದು ಈ ಹಾಳೆಯೇ. ಮರದ ಪುಡಿಯ ಹಲಗೆಯ ಬಳೆ ಅದೇ ನೀರಿಗೆ ಉಬ್ಬುತ್ತದೆ, ಪ್ಲಾಸ್ಟಿಕ್ಕಿನದು ಲೇಸು.

ಕಂಪನಿಯ ತಂತಿಯನ್ನು ಕತ್ತರಿಸಗೊಡದೆ, ನಿಮ್ಮ ಗಾಡಿಗೆ ಹೊಂದುವ ಕಪ್ಲರ್ ತರಿಸಿ. ವಾರಂಟಿಯ ತಕರಾರೂ ತಪ್ಪುತ್ತದೆ, ಗಾಡಿ ಮಾರುವಾಗ ಹಳೆಯದನ್ನು ಮರಳಿ ಕೂಡಿಸಲೂ ಬರುತ್ತದೆ. ಹಳದಿ ಬಣ್ಣದ ಕಪ್ಲರ್ ಕಂಡರೆ ಮಾತ್ರ ಕೈ ಹಚ್ಚಕೂಡದು, ಅದು ಏರ್‌ಬ್ಯಾಗಿನದು.

ಎರಡು ಬಾಗಿಲುಗಳ ಪ್ಲಸ್-ಮೈನಸ್ ಒಂದೇ ರೀತಿ ಇರಬೇಕು. ಒಂದು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋದರೆ ಮತ್ತೆ ಅದೇ ಸೊನ್ನೆ. ಸ್ಪೀಕರಿನ ಗುರುತು ಅಳಿಸಿದ್ದರೆ 1.5 ವೋಲ್ಟಿನ ಗಡಿಯಾರದ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಶಂಕು ಹೊರಕ್ಕೆ ನೆಗೆದರೆ, ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್. ಬಾಗಿಲ ಹೊದಿಕೆ ಮುಚ್ಚುವ ಮೊದಲು ಗಾಜನ್ನು ಪೂರ್ತಿ ಇಳಿಸಿ ನೋಡಿ. ಅಯಸ್ಕಾಂತ ದಪ್ಪವಾಗಿದ್ದರೆ ಗಾಜು ಅದಕ್ಕೆ ತಾಗುತ್ತದೆ.