ಬಿಲ್ ಕಟ್ಟಿದವರನ್ನು ಕೇಳಿದ್ರಾ?

ಚುನಾವಣೆ ಬಂದರೆ ಸಮೀಕ್ಷೆ, ಬಜೆಟ್ ಬಂದರೆ ಸಮೀಕ್ಷೆ, ಸರ್ಕಾರಕ್ಕೆ ನೂರು ದಿನ ತುಂಬಿದರೂ ಸಮೀಕ್ಷೆ. ಆ ಅಂಕಿಗಳನ್ನು ಸ್ಟುಡಿಯೋದಲ್ಲಿ ಕೂತು ಓದುವುದು ನನ್ನ ಕೆಲಸ. ನೀವು ಮನೆಯಲ್ಲಿ ಕೂತು ಕೇಳ್ತೀರಿ. ‘ಇಷ್ಟು ಶೇಕಡಾ ಜನ ಸರ್ಕಾರದ ಆರೋಗ್ಯ ಯೋಜನೆಗೆ ಜೈ ಅಂದಿದ್ದಾರೆ’ ಅಂತ ಪರದೆ ಮೇಲೆ ಬಂದ ಕೂಡಲೇ ಆಡಳಿತ ಪಕ್ಷದವರು ಎದೆ ತಟ್ಟಿಕೊಳ್ತಾರೆ. ‘ಇಷ್ಟು ಜನರಿಗೆ ಆಸ್ಪತ್ರೆ ಖರ್ಚು ಭಾರ’ ಅಂತ ಬಂದರೆ ವಿರೋಧ ಪಕ್ಷದವರು ಮೇಜು ಕುಟ್ತಾರೆ. ಆದರೆ ಒಂದು ಪ್ರಶ್ನೆ ಯಾರೂ ಕೇಳಲ್ಲ. ಈ ಸಮೀಕ್ಷೆಯಲ್ಲಿ ಆಸ್ಪತ್ರೆಯ ಬಿಲ್ ಕಟ್ಟಿದವರು ಎಷ್ಟು ಮಂದಿ ಇದ್ದರು?

ಇದು ಸಣ್ಣ ಪ್ರಶ್ನೆ ಅಲ್ಲ. ಜನರ ಅಭಿಪ್ರಾಯ ಹೀಗಿದೆ ಅಂತ ಹೇಳಿಯೇ ಯೋಜನೆಗಳು ಬರ್ತವೆ, ಹೋಗ್ತವೆ, ಹೆಸರು ಬದಲಾಯಿಸ್ತವೆ. ಅಭಿಪ್ರಾಯವನ್ನು ತಪ್ಪಾಗಿ ಅಳೆದರೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತೆ. ಅದರ ಪೆಟ್ಟು ಬೀಳೋದು ಮನೆಯಲ್ಲಿ ರೋಗಿ ಇರುವವರಿಗೆ.

ಲೆಕ್ಕಕ್ಕೆ ಒಂದು ಊರು ಬೇಕಲ್ಲ, ಶಿವಮೊಗ್ಗದ ನವುಲೆಯನ್ನೇ ತಗೊಳ್ಳೋಣ. ಸವಳಂಗ ರಸ್ತೆಯಲ್ಲಿರುವ ಬಡಾವಣೆ. ಒಂದು ಕಡೆ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜು, ಇನ್ನೊಂದು ಕಡೆ ಕೃಷಿ ಕಾಲೇಜು, ಅಲ್ಲೇ ಕ್ರಿಕೆಟ್ ಸ್ಟೇಡಿಯಂ. ಒಂದು ಕಾಲಕ್ಕೆ ಹಳ್ಳಿ, ಈಗ ನಗರದೊಳಗೇ ಸೇರಿಕೊಂಡಿದೆ. ಹಳೇ ಮನೆತನದ ರೈತರು, ಬಾಡಿಗೆ ಮನೆಯ ನೌಕರರು, ರೂಮು ಮಾಡಿಕೊಂಡ ಹುಡುಗರು, ಕಟ್ಟಡ ಕೆಲಸದವರು ಎಲ್ಲರೂ ಇರುವ ಜಾಗ.

ಇಲ್ಲಿ 400 ಜನರನ್ನು ಕೇಳ್ತೀವಿ ಅಂತಿಟ್ಟುಕೊಳ್ಳಿ. ಬೆಳಗ್ಗೆ ಹನ್ನೊಂದಕ್ಕೆ ಕಾಲೇಜು ಗೇಟಿನ ಹತ್ತಿರ ನಿಂತರೆ ಸಿಗೋರು ಇಪ್ಪತ್ತರ ಹರೆಯದವರು. ಅವರಿಗೆ ಆಸ್ಪತ್ರೆ ಖರ್ಚು ಅಂದ್ರೆ ಜ್ವರದ ಮಾತ್ರೆ. ಅದೇ ಹೊತ್ತಿಗೆ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಯ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತು ಕೇಳಿದರೆ, ಅಲ್ಲಿರೋರೆಲ್ಲ ಸರ್ಕಾರಿ ಆಸ್ಪತ್ರೆಯನ್ನೇ ನಂಬಿ ಬಂದವರು. ಯಾವುದೋ ಖಾಸಗಿ ನರ್ಸಿಂಗ್ ಹೋಮಿನ ಔಷಧಿ ಕೌಂಟರ್ ಮುಂದೆ ಕೇಳಿದರೆ ಮೂರನೇ ಉತ್ತರ. ಪಕ್ಕದ ಭದ್ರಾವತಿಗೆ ಹೋದರೆ ಇನ್ನೊಂದೇ ಲೋಕ. ಅಲ್ಲಿ ಕಾರ್ಖಾನೆ ನೌಕರಿ ಅಂದ್ರೆ ಚಿಕಿತ್ಸೆಯ ಭರವಸೆಯೂ ಜೊತೆಗೆ ಬರ್ತಿತ್ತು. ಎಂಪಿಎಂ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ಎಷ್ಟೋ ವರ್ಷ ಆಯ್ತು. ಅಲ್ಲಿಯವರು ಹೇಳುವ ‘ದುಬಾರಿ’ಗೂ ನವುಲೆಯ ವಿದ್ಯಾರ್ಥಿ ಹೇಳುವ ‘ದುಬಾರಿ’ಗೂ ಅರ್ಥ ಬೇರೆ.

ಸಾರಿಗೆ ಉಪ್ಪು ಸರಿಯಿದೆಯಾ ಅಂತ ನೋಡೋಕೆ ಒಂದು ಚಮಚ ಸಾಕು. ಇಡೀ ಪಾತ್ರೆ ಕುಡೀಬೇಕಾಗಿಲ್ಲ. ಆದರೆ ಮೊದಲು ಸೌಟು ಹಾಕಿ ತಿರುವಿರಬೇಕು. ಸಮೀಕ್ಷೆಯ ಶಾಸ್ತ್ರವೂ ಇಷ್ಟೇ. ಸರಿಯಾಗಿ ತಿರುವಿ, ಅಂದ್ರೆ ಯಾರಿಗೆ ಬೇಕಾದರೂ ಆಯ್ಕೆಯಾಗುವ ಅವಕಾಶ ಇರುವ ಹಾಗೆ 400 ಜನರನ್ನು ಆರಿಸಿದರೆ, ಬರುವ ಉತ್ತರ ಸುಮಾರು 5 ಶೇಕಡಾ ಆಚೀಚೆ ಇರಬಹುದು. ಸಾವಿರ ಜನರನ್ನು ಕೇಳಿದರೆ 3 ಶೇಕಡಾ. ತಿರುವದೇ ಇದ್ದರೆ ಲಕ್ಷ ಜನರನ್ನು ಕೇಳಿದರೂ ಪ್ರಯೋಜನ ಇಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ತರಿಸಿಕೊಂಡು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ತಾರೆ ಅಂತು. ಗೆದ್ದಿದ್ದು ರೂಸ್‌ವೆಲ್ಟ್, ಅದೂ ಭಾರೀ ಅಂತರದಲ್ಲಿ. ಪತ್ರಿಕೆ ವಿಳಾಸ ಹುಡುಕಿದ್ದು ಫೋನು, ಕಾರು ಇದ್ದವರ ಪಟ್ಟಿಗಳಲ್ಲಿ. ಟಿವಿಯಲ್ಲಿ ‘ಹೌದು ಅಂದ್ರೆ ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ’ ಅಂತ ಬರುತ್ತಲ್ಲ, ಅದೂ ಹೀಗೇನೇ. ಸಿಟ್ಟು ಬಂದವರು ಕರೆ ಮಾಡ್ತಾರೆ, ಆಸ್ಪತ್ರೆ ಕಾರಿಡಾರಿನಲ್ಲಿ ಕೂತವರು ಮಾಡಲ್ಲ. ಅದು ಕಾರ್ಯಕ್ರಮಕ್ಕೆ ಸರಿ, ಸಮೀಕ್ಷೆ ಅಂತ ಕರೆಯೋಕಾಗಲ್ಲ.

ಸರಿ, ನವುಲೆಯಲ್ಲಿ ಚೆನ್ನಾಗಿ ತಿರುವಿಯೇ 400 ಜನರನ್ನು ಆರಿಸಿದೆವು ಅನ್ನೋಣ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017ರ ಜುಲೈನಿಂದ 2018ರ ಜೂನ್‌ವರೆಗೆ ದೇಶಾದ್ಯಂತ 1,13,823 ಮನೆಗಳಿಗೆ ಹೋಗಿ ಆರೋಗ್ಯದ ಲೆಕ್ಕ ತಗೊಂಡರು. ಹೆರಿಗೆ ಬಿಟ್ಟು, ವರ್ಷವೊಂದರಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆದವರು ನಗರಗಳಲ್ಲಿ ನೂರಕ್ಕೆ 3.4 ಮಂದಿ. ಅಂದ್ರೆ ನಮ್ಮ 400 ಜನರಲ್ಲಿ ಸುಮಾರು 14 ಮಂದಿ! ಉಳಿದ 386 ಮಂದಿ ಹೇಳೋದು ಕೇಳಿದ್ದು, ಓದಿದ್ದು, ಹೆದರಿದ್ದು. ಅದೂ ಅಭಿಪ್ರಾಯವೇ, ಬೆಲೆ ಇಲ್ಲ ಅಂತಲ್ಲ. ಆದರೆ ಅದನ್ನು ‘ಅನುಭವ’ ಅಂತ ಓದಬಾರದು. 14 ಜನರ ಮೇಲೆ ‘ಇಷ್ಟು ಶೇಕಡಾ’ ಅಂತ ಕಟ್ಟಿದರೆ ಒಬ್ಬರ ಮಾತು ಬದಲಾದರೂ ಅಂಕಿ 7 ಶೇಕಡಾ ಜಿಗಿಯುತ್ತೆ.

ರಾಷ್ಟ್ರೀಯ ಸಮೀಕ್ಷೆಯವರು ಇದಕ್ಕೊಂದು ಉಪಾಯ ಮಾಡ್ತಾರೆ. ಮೊದಲು ಮನೆಮನೆ ಪಟ್ಟಿ ಮಾಡಿ, ವರ್ಷದೊಳಗೆ ಯಾರಾದರೂ ಅಡ್ಮಿಟ್ ಆಗಿದ್ದ ಮನೆಗಳನ್ನು ಬೇರೆ ಗುಂಪು ಮಾಡಿ, ಅಲ್ಲಿಂದ ಬೇಕಾದಷ್ಟು ಮನೆ ಆರಿಸ್ತಾರೆ. ಆಮೇಲೆ ಅಭಿಪ್ರಾಯ ಅಲ್ಲ, ಖರ್ಚು ಕೇಳ್ತಾರೆ. ಔಷಧಿಗೆಷ್ಟು, ಡಾಕ್ಟರಿಗೆಷ್ಟು, ಪರೀಕ್ಷೆಗೆಷ್ಟು, ದುಡ್ಡು ಎಲ್ಲಿಂದ ತಂದ್ರಿ?

ಹಾಗೆ ಕೇಳಿದ್ದಕ್ಕೆ ಏನು ಸಿಕ್ತು ನೋಡಿ. ಒಂದು ಸಲ ಅಡ್ಮಿಟ್ ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ ವೈದ್ಯಕೀಯ ಖರ್ಚು ಹಳ್ಳಿಯವರಿಗೆ 4,290 ರೂಪಾಯಿ, ನಗರದವರಿಗೆ 4,837. ಖಾಸಗಿಯಲ್ಲಿ ಹಳ್ಳಿಯವರಿಗೆ 27,347, ನಗರದವರಿಗೆ 38,822. ಬಸ್ಸು-ಆಟೋ, ಜೊತೆಗಿದ್ದವರ ಊಟ, ತಪ್ಪಿದ ಕೂಲಿ ಇದರಲ್ಲಿ ಸೇರಿಲ್ಲ. ಹಳ್ಳಿಗಳಲ್ಲಿ ನೂರಕ್ಕೆ 13 ಮಂದಿಗೆ ಈ ದುಡ್ಡಿನ ಮುಖ್ಯ ಮೂಲ ಸಾಲ. ಆಗ ಯಾವುದೇ ಆರೋಗ್ಯ ವಿಮೆ, ಯೋಜನೆಯ ರಕ್ಷಣೆ ಇಲ್ಲ ಅಂದವರು ಹಳ್ಳಿಗಳಲ್ಲಿ ನೂರಕ್ಕೆ 86, ನಗರಗಳಲ್ಲಿ 81. ‘ಖರ್ಚು ಹೆಚ್ಚಾಯ್ತು ಅನ್ನಿಸುತ್ತಾ?’ ಅಂತ ಕೇಳಿದ್ದರೆ ಇದರಲ್ಲಿ ಒಂದೂ ಗೊತ್ತಾಗ್ತಿರಲಿಲ್ಲ.

ಎರಡನೇ ವಿಷಯ, ಪ್ರಶ್ನೆಯ ಮಾತು. ಅಮೆರಿಕದಲ್ಲಿ ಒಬಾಮಾ ತಂದ ಆರೋಗ್ಯ ಕಾನೂನಿಗೆ ಎರಡು ಹೆಸರು. ಅಧಿಕೃತ ಹೆಸರು ‘ಅಫೋರ್ಡಬಲ್ ಕೇರ್ ಆಕ್ಟ್’, ಜನರ ಬಾಯಲ್ಲಿ ‘ಒಬಾಮಾಕೇರ್’. 2013ರಲ್ಲಿ ಸಿಎನ್‌ಬಿಸಿ ಒಂದು ಪ್ರಯೋಗ ಮಾಡಿತು. ಅರ್ಧ ಜನರಿಗೆ ಒಂದು ಹೆಸರು, ಉಳಿದರ್ಧಕ್ಕೆ ಇನ್ನೊಂದು. ಒಬಾಮಾಕೇರ್ ಅಂದಾಗ ವಿರೋಧಿಸಿದವರು 46 ಶೇಕಡಾ, ಅಧಿಕೃತ ಹೆಸರು ಹೇಳಿದಾಗ 37. ಕಾನೂನು ಒಂದೇ ಸ್ವಾಮಿ! ಅಲ್ಲಿಯ ಕೈಸರ್ ಫ್ಯಾಮಿಲಿ ಫೌಂಡೇಷನ್ 2019ರ ಜನವರಿಯಲ್ಲಿ ಎಲ್ಲರಿಗೂ ಸರ್ಕಾರಿ ವಿಮೆ ಬೇಕಾ ಅಂತ ಕೇಳಿತು. 56 ಶೇಕಡಾ ಜನ ಬೇಕು ಅಂದ್ರು. ‘ಇದರಿಂದ ವಿಮೆ ಎಲ್ಲರ ಹಕ್ಕಾಗುತ್ತೆ’ ಅಂತ ಸೇರಿಸಿದಾಗ 71ಕ್ಕೆ ಏರಿತು. ‘ಹೆಚ್ಚಿನವರು ಜಾಸ್ತಿ ತೆರಿಗೆ ಕಟ್ಟಬೇಕಾಗುತ್ತೆ’ ಅಂದಾಗ 37ಕ್ಕೆ ಇಳಿಯಿತು. ಈ ಮೂರರಲ್ಲಿ ಜನಾಭಿಪ್ರಾಯ ಯಾವುದು? ಮೂರೂ ಹೌದು. ಯಾರು ಯಾವುದನ್ನು ಹಿಡಿದು ಕೂಗ್ತಾರೆ ಅನ್ನೋದಷ್ಟೇ ರಾಜಕೀಯ.

ನಮ್ಮಲ್ಲೂ ಆಗಿದೆ. 2017ರ ನವೆಂಬರಿನಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ತಂದಾಗ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಮುಚ್ಚಿದವು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಮೆತ್ತಗಾಗಿ ಪಾಸಾಯ್ತು. ಆ ದಿನಗಳಲ್ಲಿ ‘ಖಾಸಗಿ ಆಸ್ಪತ್ರೆ ದರಕ್ಕೆ ಕಡಿವಾಣ ಬೇಕಾ?’ ಅಂತ ಕೇಳಿದ್ದರೆ ಯಾರು ಬೇಡ ಅಂತಿದ್ರು? ‘ಡಾಕ್ಟರನ್ನು ಜೈಲಿಗೆ ಹಾಕುವ ಕಾನೂನು ಬೇಕಾ?’ ಅಂತ ಅದೇ ಮನೆಯಲ್ಲಿ ಕೇಳಿದ್ದರೆ? ನಮ್ಮ ಅಮ್ಮನ ಕಾಲಿಗೆ ಆಪರೇಷನ್ ಮಾಡಿದ ಡಾಕ್ಟರು ನೆನಪಾಗಿ ಬೇಡಪ್ಪಾ ಅಂತಿದ್ರು. ಎರಡು ಉತ್ತರ ಕೊಡುವವರೂ ಒಬ್ಬರೇ.

ಮೂರನೆಯದು ಕಾರ್ಡಿನ ವಿಷಯ. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. 2003ರಲ್ಲೇ ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತು ಚಿಕಿತ್ಸೆ ಬಿಟ್ಟರೆ, ಖಾಸಗಿಗೆ ಹೋಗೋಕೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು.

ಈಗ ಪ್ರಶ್ನೆ ಕೇಳಿ. ‘ಕಾರ್ಡ್ ಇದೆಯಾ?’ ‘ಇದೆ ಸರ್.’ ‘ಯೋಜನೆ ಒಳ್ಳೇದಾ?’ ‘ಒಳ್ಳೇದೇ ಸರ್.’ ಇಲ್ಲಿಗೆ ನಿಲ್ಲಿಸಿದರೆ ಯೋಜನೆ ಭರ್ಜರಿ ಯಶಸ್ಸು. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ‘ಕಳೆದ ಸಲ ಅಡ್ಮಿಟ್ ಆದಾಗ ಕಾರ್ಡ್ ನಡೀತಾ? ಕೈಯಿಂದ ಎಷ್ಟು ಹೋಯ್ತು?’ ಆಗ ರೆಫರಲ್ ಇರಲಿಲ್ಲ, ಆ ಚಿಕಿತ್ಸೆ ಪಟ್ಟಿಯಲ್ಲಿಲ್ಲ, ಎಪಿಎಲ್ ಆಗಿದ್ದರಿಂದ 30 ಶೇಕಡಾ ಮಾತ್ರ ಅನ್ನುವ ಮಾತುಗಳು ಹೊರಗೆ ಬರ್ತವೆ. ನವುಲೆಯಂಥ ಬಡಾವಣೆಯಲ್ಲಿ ಈ ಎಪಿಎಲ್ ಮನೆಗಳೇ ಸಮೀಕ್ಷೆಯ ಕಣ್ಣಿಗೆ ಬೀಳದವು. ಬಡವರ ಪಟ್ಟಿಯಲ್ಲಿಲ್ಲ, ಕಂಪನಿಯ ವಿಮೆಯೂ ಇಲ್ಲ. ಇಎಸ್‌ಐ ಬೇಕಾದರೆ ಅದರ ವ್ಯಾಪ್ತಿಗೆ ಬರುವ ಕಡೆ ಕೆಲಸ ಇರಬೇಕು, ಸಂಬಳ 21,000 ದಾಟಿರಬಾರದು ಅನ್ನೋದು 2017ರಲ್ಲಿ ಬಂದ ಮಿತಿ.

ಇನ್ನೂ ಒಂದಿದೆ. ಈ ಕಾರ್ಡಿನ ಯೋಜನೆ ಮುಖ್ಯವಾಗಿ ಅಡ್ಮಿಟ್ ಆದವರಿಗೆ. ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ಮೆಡಿಕಲ್ ಶಾಪಿನಲ್ಲಿ ಕೊಳ್ಳೋದು, ಸ್ಕ್ಯಾನಿಂಗು, ರಕ್ತ ಪರೀಕ್ಷೆ ಮಾಡಿಸೋದು ಅದರಲ್ಲಿ ಬರಲ್ಲ. ನಮ್ಮ ದೇಶದಲ್ಲಿ ಜನ ಕೈಯಿಂದ ಹಾಕುವ ಆರೋಗ್ಯ ಖರ್ಚಿನಲ್ಲಿ ದೊಡ್ಡ ಪಾಲು ಔಷಧಿಯದೇ. ‘ಉಚಿತ ಆಪರೇಷನ್ ಬೇಕಾ?’ ಅಂತ ಕೇಳಿದರೆ ಎಲ್ಲರೂ ಬೇಕು ಅಂತಾರೆ. ‘ಮೊದಲು ಯಾವುದು ಬೇಕು, ಆಪರೇಷನ್ನಾ, ತಿಂಗಳ ಮಾತ್ರೆಯಾ?’ ಅಂತ ಕೇಳಿದ ಸಮೀಕ್ಷೆ ನನ್ನ ಕೈಗೆ ಅಪರೂಪಕ್ಕೂ ಬಂದಿಲ್ಲ.

‘ಹಾಗಾದ್ರೆ ಚುನಾವಣೆಯಲ್ಲಿ ಜನ ಆರೋಗ್ಯ ಅಂತ ಯಾಕೆ ಹೇಳಲ್ಲ?’ ಅಂತ ನೀವು ಕೇಳಬಹುದು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಲೋಕನೀತಿ-ಸಿಎಸ್‌ಡಿಎಸ್ ಕರ್ನಾಟಕದಲ್ಲಿ ಕೇಳಿದಾಗ ಮೇಲಿದ್ದದ್ದು ನಿರುದ್ಯೋಗ, ಬಡತನ. ಅದೇ ವರ್ಷ ರಾಜಸ್ಥಾನದಲ್ಲಿ ಗೆಹ್ಲೋಟ್ ಸರ್ಕಾರ ಆರೋಗ್ಯ ವಿಮೆಯನ್ನು 25 ಲಕ್ಷಕ್ಕೆ ಏರಿಸಿಯೂ ಸೋತಿತು. ಇದನ್ನು ನೋಡಿ ಆರೋಗ್ಯಕ್ಕೆ ಓಟಿಲ್ಲ ಅಂತ ನಾಯಕರು ತೀರ್ಮಾನಿಸಿದರೆ ಅವಸರವಾಗುತ್ತೆ. ಒಂದೇ ಸಮಸ್ಯೆ ಹೇಳಿ ಅಂದ್ರೆ ಜನ ‘ಬಡತನ’ ಅಂತಾರೆ. ಆ ಬಡತನದೊಳಗೆ ಅಡ ಇಟ್ಟ ಸರವೂ, ಅಪ್ಪನ ಆಪರೇಷನ್ನಿನ ಕೈಸಾಲವೂ ಇರುತ್ತೆ. ಸಮೀಕ್ಷೆಯ ಕಾಗದದಲ್ಲಿ ಅದಕ್ಕೆ ಬೇರೆ ಕಾಲಂ ಇರಲ್ಲ.

ಮುಂದಿನ ಸಲ ಟಿವಿಯಲ್ಲಿ ಆರೋಗ್ಯದ ಸಮೀಕ್ಷೆ ಬಂದಾಗ, ಓದ್ತಿರೋದು ನಾನೇ ಆಗಿದ್ದರೂ ಸರಿ, ಈ ಐದನ್ನು ಕೇಳಿಕೊಳ್ಳಿ. ಎಷ್ಟು ಜನರನ್ನು, ಹೇಗೆ ಆರಿಸಿದರು? ಕೇಳಿದ ಪ್ರಶ್ನೆ ಇದ್ದ ಹಾಗೇ ತೋರಿಸಿದರಾ? ಖರ್ಚು ಮಾಡಿದವರು ಎಷ್ಟು, ಊಹಿಸಿ ಹೇಳಿದವರು ಎಷ್ಟು? ದುಡ್ಡಿಲ್ಲದೆ ಆಸ್ಪತ್ರೆಗೇ ಹೋಗದವರು ಲೆಕ್ಕದಲ್ಲಿದ್ದಾರಾ? ಸಮೀಕ್ಷೆಗೆ ದುಡ್ಡು ಕೊಟ್ಟವರು ಯಾರು? ಇವುಗಳಿಗೆ ಉತ್ತರ ಸಿಗದ ಅಂಕಿಯನ್ನು ಸುದ್ದಿ ಅಂತ ನೋಡಿ, ಸಾಕ್ಷ್ಯ ಅಂತ ನೋಡಬೇಡಿ.

ನಿಮ್ಮ ಮನೆ ಬಾಗಿಲಿಗೇ ಸಮೀಕ್ಷೆಯವರು ಬಂದರೆ? ‘ಟೈಮಿಲ್ಲ’ ಅಂತ ಕಳಿಸಬೇಡಿ. ಮೊದಲು ಗುರುತಿನ ಚೀಟಿ ನೋಡಿ. ಆಮೇಲೆ ಕೂರಿಸಿ, ಬೀರುವಿನಲ್ಲಿರುವ ಬಿಲ್ಲುಗಳ ಫೈಲು ತೆಗೆದು ಎದುರಿಗಿಡಿ. ‘ಚೆನ್ನಾಗಿದೆ’ ಅನ್ನುವ ಮಾತಿಗಿಂತ ಆ ಫೈಲಿನ ಮೊತ್ತ ಬರೆದುಕೊಂಡು ಹೋದರೆ ಬಜೆಟ್ ಬರೆಯುವವರಿಗೆ ಹೆಚ್ಚು ಕೆಲಸಕ್ಕೆ ಬರುತ್ತೆ.