ನಿಮಗಿದು ಗೊತ್ತೇ? ಕ್ಯಾನ್ಸರ್ ಅಲ್ಲ, ಆದರೂ ಆಪರೇಷನ್ ಬೇಕು

● ಪಿತ್ತರಸ ತಯಾರಾಗುವುದು ಪಿತ್ತಕೋಶದಲ್ಲಲ್ಲ, ಲಿವರಿನಲ್ಲಿ. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ! ಪಿತ್ತಕೋಶದಲ್ಲಿ ಹಿಡಿಯುವುದು ಬರೀ 30ರಿಂದ 50 ಮಿಲಿಲೀಟರ್. ಪಿತ್ತಕೋಶ ತೆಗೆಸಿಕೊಂಡವರೂ ಉಂಡುತಿಂದು ಆರಾಮಾಗಿರುವುದು ಇದರಿಂದಲೇ. ಪಿತ್ತನಾಳದ ಮಾತು ಬೇರೆ. ಅದು ಕೆಟ್ಟರೆ ಪಿತ್ತ ಹರಿಯಲು ಇನ್ನೊಂದು ದಾರಿ ಮಾಡಿಕೊಡಲೇಬೇಕು.

● ಪಿತ್ತಕೋಶವನ್ನು ಮೊದಲ ಬಾರಿಗೆ ಪೂರ್ತಿ ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರ ಜುಲೈ 15ರಂದು. ಅಲ್ಲಿಯವರೆಗೆ ವೈದ್ಯರು ಕಲ್ಲನ್ನಷ್ಟೇ ತೆಗೆದು ಕೋಶವನ್ನು ಉಳಿಸುತ್ತಿದ್ದರು. ಕಲ್ಲು ಕಟ್ಟುವ ಜಾಗವನ್ನೇ ಬಿಟ್ಟರೆ ಪ್ರಯೋಜನವೇನು ಎಂಬುದು ಲಾಂಗೆನ್‌ಬುಖ್ ಅವರ ವಾದ. 43 ವರ್ಷದ ಆ ರೋಗಿ ಗುಣಮುಖನಾಗಿ ಮನೆಗೆ ಹೋದ.

● ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದ ಮೊದಲಿಗರೂ ಜರ್ಮನರೇ: ಬೋಬ್ಲಿಂಗೆನ್ ಊರಿನ ಎರಿಕ್ ಮ್ಯೂಹೆ, 1985ರಲ್ಲಿ. ಸಹೋದ್ಯೋಗಿಗಳು ಆಗ ಅವರನ್ನು ಹೀಗಳೆದರು. ಜರ್ಮನಿಯ ಶಸ್ತ್ರವೈದ್ಯರ ಸಂಘ 1992ರಲ್ಲಿ ಅದೇ ಕೆಲಸಕ್ಕೆ ಪ್ರಶಸ್ತಿ ಕೊಟ್ಟಿತು.

● ಒಂದು ಪಿತ್ತನಾಳದ ಗಾಯ ಬ್ರಿಟನ್ನಿನ ಪ್ರಧಾನಿಯೊಬ್ಬರನ್ನು ಬೆನ್ನು ಬಿಡದೆ ಕಾಡಿತ್ತು. ಆಂಥನಿ ಈಡನ್ ವಿದೇಶಾಂಗ ಸಚಿವರಾಗಿದ್ದಾಗ, 1953ರ ಏಪ್ರಿಲ್‌ನಲ್ಲಿ, ಲಂಡನ್ನಿನಲ್ಲಿ ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡರು. ಆಗ ಪಿತ್ತನಾಳಕ್ಕೆ ಪೆಟ್ಟಾಯಿತು. ಅದೇ ತಿಂಗಳು ಇನ್ನೊಂದು ಆಪರೇಷನ್. ಅದೂ ಸಾಲದೆ ಜೂನ್‌ನಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋಗಿ ರಿಚರ್ಡ್ ಕ್ಯಾಟೆಲ್ ಅವರಿಂದ ಮೂರನೆಯದು. ಅವರು ಅಲ್ಲಿರುವಾಗಲೇ ಇತ್ತ ಪ್ರಧಾನಿ ಚರ್ಚಿಲ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಮುಂದಿನ ಪ್ರಧಾನಿ ಎಂದು ಎಲ್ಲರೂ ಎಣಿಸಿದ್ದ ವ್ಯಕ್ತಿ ದೇಶದಲ್ಲೇ ಇರಲಿಲ್ಲ! 1955ರಲ್ಲಿ ಈಡನ್ ಪ್ರಧಾನಿಯಾದರು. ಮರುವರ್ಷ ಈಜಿಪ್ಟಿನ ಸೂಯೆಜ್ ಕಾಲುವೆಯ ಬಿಕ್ಕಟ್ಟಿನ ನಡುವೆ ಪಿತ್ತನಾಳದ ಸೋಂಕು ಮರುಕಳಿಸಿ, ಜ್ವರ ನೆತ್ತಿಗೇರಿ ಆಸ್ಪತ್ರೆ ಸೇರಿದರು. 1957ರ ಜನವರಿಯಲ್ಲಿ ಅನಾರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಸೂಯೆಜ್‌ನ ತಪ್ಪುಗಳನ್ನೆಲ್ಲ ಪಿತ್ತನಾಳದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಇಂಥ ಗಾಯವಾದರೆ ಮೊದಲ ರಿಪೇರಿಯೇ ನುರಿತ ಕೈಯಲ್ಲಿ ಆಗಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

● ಆ ರಿಪೇರಿ ಹೇಗೆ? ಸಣ್ಣಕರುಳನ್ನು ಒಂದೆಡೆ ಕತ್ತರಿಸಿ, ಕೆಳಗಿನ ತುದಿಯನ್ನು ಲಿವರಿನ ಬುಡದವರೆಗೆ ಎಳೆದು ತಂದು, ಚೆನ್ನಾಗಿ ಉಳಿದಿರುವ ಪಿತ್ತನಾಳದ ಬಾಯಿಗೆ ನವಿರಾದ ದಾರದಲ್ಲಿ ಹೊಲಿಯುತ್ತಾರೆ. ನಾಳದ ಅಗಲ ಕೆಲವೇ ಮಿಲಿಮೀಟರ್. ಹೊಲಿಗೆ ಬಿಗಿದರೆ ದಾರಿ ಮತ್ತೆ ಕಿರಿದಾಗುತ್ತದೆ, ಸಡಿಲಾದರೆ ಪಿತ್ತ ಸೋರುತ್ತದೆ. ಕತ್ತರಿಸಿದ ಮೇಲಿನ ತುದಿಯನ್ನು ಕರುಳಿನ ಪಕ್ಕಕ್ಕೆ ಜೋಡಿಸಿದಾಗ ಇಂಗ್ಲಿಷಿನ ವೈ ಅಕ್ಷರದ ಆಕಾರ ಬರುತ್ತದೆ. ಈ ಜೋಡಣೆಗೆ ಸ್ವಿಟ್ಜರ್ಲೆಂಡಿನ ಸೀಸರ್ ರೂ ಅವರ ಹೆಸರಿದೆ.

● ಪಿತ್ತನಾಳ ಹುಟ್ಟಿನಿಂದಲೇ ಚೀಲದಂತೆ ಉಬ್ಬಿರುವ ಕಾಯಿಲೆ ಏಷ್ಯಾದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಹಿಂದೆ ಆ ಚೀಲವನ್ನು ಕರುಳಿಗೆ ಜೋಡಿಸಿ ಬಿಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಅದರಲ್ಲೇ ಕ್ಯಾನ್ಸರ್ ಹುಟ್ಟುವುದು ಕಂಡ ಬಳಿಕ ಚೀಲವನ್ನೇ ತೆಗೆಯುವ ಪದ್ಧತಿ ಬಂತು.

● ಜಂತುಹುಳು ಪಿತ್ತನಾಳಕ್ಕೂ ನುಗ್ಗಬಲ್ಲದು. ಶ್ರೀನಗರದ ವೈದ್ಯರು ಇಂಥ 500 ರೋಗಿಗಳ ವಿವರವನ್ನು 1990ರಲ್ಲಿ ಪ್ರಕಟಿಸಿದರು. ಬಹುತೇಕರಿಗೆ ಆಪರೇಷನ್ ಬೇಕಾಗಲಿಲ್ಲ.

● ಮೇದೋಜೀರಕ ಗ್ರಂಥಿ ದಿಢೀರನೆ ಊದಿಕೊಂಡು ಅದರ ಒಂದು ಭಾಗ ಸತ್ತುಹೋದಾಗ ತಕ್ಷಣ ಹೊಟ್ಟೆ ಕೊಯ್ದು ಶುಚಿ ಮಾಡುವುದೇ ಸರಿ ಎಂದು ಅನ್ನಿಸುತ್ತದೆ. ಅದು ಅಪಾಯ. ಸಾಮಾನ್ಯವಾಗಿ ನಾಲ್ಕು ವಾರ ಕಾದರೆ ಸತ್ತ ಭಾಗ ಬೇರ್ಪಟ್ಟು ಸುತ್ತ ಗೋಡೆ ಕಟ್ಟುತ್ತದೆ. ಸೋಂಕಾದರೆ ಮೊದಲು ಟ್ಯೂಬ್ ಹಾಕಿ ಕೀವು ಇಳಿಸುತ್ತಾರೆ. 2010ರ ಡಚ್ ಅಧ್ಯಯನದಲ್ಲಿ ನೇರವಾಗಿ ಹೊಟ್ಟೆ ತೆರೆದವರಲ್ಲಿ ಶೇ 69 ಮಂದಿಗೆ ಗಂಭೀರ ತೊಡಕು ಅಥವಾ ಸಾವು ಸಂಭವಿಸಿತು. ಹೀಗೆ ಹಂತಹಂತವಾಗಿ ಹೋದವರಲ್ಲಿ ಅದು ಶೇ 40. ಟ್ಯೂಬ್ ಹಾಕಿಸಿಕೊಂಡವರಲ್ಲಿ ಮೂರರಲ್ಲೊಬ್ಬರಿಗೆ ಮುಂದೆ ಆಪರೇಷನ್ನೇ ಬೇಕಾಗಲಿಲ್ಲ.

● ಮೇದೋಜೀರಕದ ದೀರ್ಘಕಾಲದ ಊತದಲ್ಲಿ ಲೆಕ್ಕ ತಿರುವುಮುರುವು: ಇಲ್ಲಿ ತುಂಬ ಕಾಯುವುದೇ ತಪ್ಪಾಗಬಹುದು. ಕುಡಿತದ ಗಂಧವೇ ಇಲ್ಲದ ಎಳೆಯರಿಗೂ ಮೇದೋಜೀರಕದಲ್ಲಿ ಕಲ್ಲು ಕಟ್ಟುವುದನ್ನು ನೆರೆಯ ಕೇರಳದಲ್ಲಿ ಪಿ.ಜೆ. ಗೀವರ್ಗೀಸ್ ವಿವರವಾಗಿ ದಾಖಲಿಸಿದ್ದರು. ಮೊದಲು ಹೊಟ್ಟೆನೋವು, ಆಮೇಲೆ ಸಕ್ಕರೆ ಕಾಯಿಲೆ. ಮರಗೆಣಸಿನ ಮೇಲೆ ಅನುಮಾನ ಬಂದರೂ ಅದು ಸಾಬೀತಾಗಲಿಲ್ಲ. ವಂಶವಾಹಿಯ ಪಾತ್ರ ಮಾತ್ರ ಸ್ಪಷ್ಟವಾಗಿದೆ. ನಾಳ ಅಗಲವಾಗಿದ್ದರೆ ಅದನ್ನು ಉದ್ದಕ್ಕೆ ಸೀಳಿ, ಕಲ್ಲು ತೆಗೆದು, ಮೇಲೆ ಕರುಳನ್ನು ಹೊಲಿಯುತ್ತಾರೆ. ಎಂಡೋಸ್ಕೋಪಿಯಲ್ಲೇ ವರ್ಷಗಟ್ಟಲೆ ಪ್ರಯತ್ನಿಸುವುದಕ್ಕಿಂತ ಬೇಗ ಆಪರೇಷನ್ ಮಾಡಿದವರಿಗೆ ನೋವು ಕಡಿಮೆಯಾಯಿತು ಎಂದು 2020ರ ಇನ್ನೊಂದು ಡಚ್ ಅಧ್ಯಯನ ತೋರಿಸಿತು.

● ಇಡೀ ಮೇದೋಜೀರಕವನ್ನು ತೆಗೆದರೂ ಅದರ ಇನ್ಸುಲಿನ್ ಜೀವಕೋಶಗಳನ್ನು ಸೋಸಿ ಅದೇ ರೋಗಿಯ ಲಿವರಿಗೆ ಸೇರಿಸಬಹುದು. ಅಮೆರಿಕದ ಮಿನ್ನೆಸೋಟದಲ್ಲಿ ಇದು ಶುರುವಾದದ್ದು 1977ರಲ್ಲಿ.

● ಕೆಲವು ಕೂಸುಗಳಿಗೆ ಹುಟ್ಟಿದ ಕೆಲ ವಾರಗಳಲ್ಲೇ ಪಿತ್ತನಾಳ ಮುಚ್ಚಿಹೋಗಿರುತ್ತದೆ. ಜಪಾನಿನ ಸೆಂಡಾಯ್ ನಗರದಲ್ಲಿ ಮೊರಿಯೊ ಕಸಾಯ್ 1955ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು: ಕರುಳನ್ನು ನೇರವಾಗಿ ಲಿವರಿನ ಬುಡಕ್ಕೇ ಹೊಲಿಯುವುದು. ಮಗುವಿಗೆ 60 ದಿನ ತುಂಬುವ ಮೊದಲೇ ಮಾಡಿದರೆ ಯಶಸ್ಸು ಹೆಚ್ಚು, ತಡವಾದಷ್ಟೂ ಲಿವರ್ ಕಸಿಯ ಸಾಧ್ಯತೆ ಹತ್ತಿರವಾಗುತ್ತದೆ. ತೈವಾನ್ 2004ರಲ್ಲಿ ದೇಶದ ಎಲ್ಲ ತಾಯಂದಿರಿಗೂ ಮಲದ ಬಣ್ಣ ಹೋಲಿಸಿ ನೋಡುವ ಕಾರ್ಡ್ ಕೊಡಲಾರಂಭಿಸಿತು. ನಮ್ಮಲ್ಲಿ ಬಾಣಂತಿ ಮನೆಯಲ್ಲಿ ಕೂಸಿಗೆ ಕಾಮಾಲೆ ಎಂದರೆ ಎಳೆಬಿಸಿಲಿಗೆ ಹಿಡಿಯುತ್ತಾರೆ, ನಾಟಿ ಔಷಧಿ ಹುಡುಕುತ್ತಾರೆ. ಎರಡು ವಾರ ಕಳೆದರೂ ಕಣ್ಣು ಹಳದಿ ಇದ್ದರೆ, ಕಕ್ಕ ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ದಯವಿಟ್ಟು ಕಾಯಬೇಡಿ. ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ, ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.