ನಿಮಗಿದು ಗೊತ್ತೆ?: ಬೆಟ್ಟ ಇಳಿಯುವಾಗ ಮಂಡಿ ಜೋಪಾನ
1,712 ಮೀಟರ್ ಎತ್ತರದ ಕುಮಾರ ಪರ್ವತ ಹತ್ತುವಾಗ ಏದುಸಿರು ಬರಬಹುದು. ಮಂಡಿ ಹಿಡಿದುಕೊಳ್ಳುವುದು ಮಾತ್ರ ಸಾಮಾನ್ಯವಾಗಿ ಇಳಿಯುವಾಗಲೇ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಆಗ ಅದರ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ನೋವು ಜೋರಾಗುವುದು ಒಂದೆರಡು ದಿನ ಕಳೆದ ಮೇಲೆ. ಸೋಮವಾರ ಆಫೀಸಿನ ಮೆಟ್ಟಿಲನ್ನು ಅಡ್ಡಡ್ಡ ಇಳಿಯುವವರನ್ನು ಕಂಡರೆ ವಾರಾಂತ್ಯದ ಕಥೆ ಕೇಳಬೇಕಿಲ್ಲ! ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ತುಸು ಬಾಗಿರಲಿ. ಕೈಯಲ್ಲೊಂದು ಕೋಲಿದ್ದರೆ ಮಂಡಿಯ ಹೊರೆ ತಗ್ಗುತ್ತದೆ.

ಕಾಲ್ಬೆರಳಿನ ಉಗುರು ಕಪ್ಪಾಗುವುದೂ ಹೆಚ್ಚಾಗಿ ಇಳಿಯುವಾಗಲೇ: ಪಾದ ಮುಂದಕ್ಕೆ ಜಾರಿ ಬೆರಳು ಶೂ ಮೂತಿಗೆ ಗುದ್ದುತ್ತಿರುತ್ತದೆ. ಹಿಂದಿನ ದಿನವೇ ಉಗುರು ಕತ್ತರಿಸಿ. ಇಳಿಯುವ ಮುನ್ನ ಹಿಮ್ಮಡಿಯನ್ನು ಶೂ ಹಿಂಬದಿಗೆ ಒತ್ತಿ ಕೂರಿಸಿ, ಲೇಸನ್ನು ಹರಡಿನ ಬಳಿ ಬಿಗಿಯಿರಿ.